ದಂಡುಪಾಳ್ಯದ ಎರಡನೆಯ ಭಾಗ

ಭಯಾನಕವನ್ನೂ ನಮ್ಮ ಹಿಂದಿನ ಲಾಕ್ಷಣಿಕರು ರಸಗಳ ಸಾಲಿನಲ್ಲಿ ಸೇರಿಸಿರುವರು. ಆದರೂ ಕೊಲೆಯ ಚಿತ್ರಗಳೆಂದರೆ ನನಗೆ ಇಷ್ಟವೆಂದು ಯಾರಾದರೂ ಹೇಳಿದರೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವರು. ಈ ಪುಟವನ್ನು ಬರೆಯುವವನಿಗೆ ಅಂಥ ಚಿತ್ರಗಳಲ್ಲಿ ಬಹುಕಾಲದ ಅಭಿರುಚಿಯುಂಟು. ಆದುದರಿಂದ ಇಲ್ಲಿ ಬರುವ ಮಾತುಗಳನ್ನು ವಾಚಕರು ಒಬ್ಬ ಅಭಿಮಾನಿಯ ಅಭಿಪ್ರಾಯವೆಂದು ತಿಳಿಯಬೇಕೇ ಹೊರತು ಪಂಡಿತನ ತೀರ್ಪೆಂದಲ್ಲ.

ಪಶ್ಚಿಮ ದೇಶಗಳಲ್ಲಿ ಈ ಜಾತಿಯ ಕಥೆಯ ಕೊಲೆಗಾರನು ಸಾಮಾನ್ಯವಾಗಿ ಮುಖವಾಡ ತೊಟ್ಟವನು. 1978ರಲ್ಲಿ ಬಂದ 'ಹ್ಯಾಲೋವೀನ್' ಚಿತ್ರದಿಂದ ಆ ಸಂಪ್ರದಾಯವು ಬೇರೂರಿತು. ಭಾಗದ ಮೇಲೆ ಭಾಗ ಬರುವ ಪದ್ಧತಿಯೂ ಅಲ್ಲಿಂದಲೇ ಬಲಗೊಂಡಿತು. ನಮ್ಮ ಕನ್ನಡದಲ್ಲಿ 1993ರಲ್ಲಿ ಉಪೇಂದ್ರರು ನಿರ್ದೇಶಿಸಿದ 'ಶ್!' ಚಿತ್ರವು ಈ ದಾರಿಯಲ್ಲಿ ಒಂದು ಹೆಜ್ಜೆಯಿಟ್ಟಿತು. ಆದರೆ ಸಾಲುಸಾಲಾಗಿ ಭಾಗಗಳನ್ನು ಕಂಡ ಕೊಲೆಯ ಕಥೆಯೆಂದರೆ ನಮಗೆ 'ದಂಡುಪಾಳ್ಯ'ವೇ ಸರಿ. ಮೊದಲನೆಯದು 2012ರಲ್ಲಿ ತೆರೆಗೆ ಬಂದಿತು, ನಿರ್ದೇಶಕರು ಶ್ರೀನಿವಾಸರಾಜು.

ಈ ಕಥೆಯಲ್ಲಿ ಮುಖವಾಡವಿಲ್ಲ. ನಡುಹಗಲು, ಗಂಡಸರು ಕೆಲಸಕ್ಕೆ ಹೋಗಿರುವ ಹೊತ್ತು. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತು, "ತಾಯಿ, ಕುಡಿಯಲು ಒಂದಿಷ್ಟು ನೀರು ಕೊಡಿ" ಎಂದು ಕೇಳುವಳು. ಮನೆಯಾಕೆ ಒಳಕ್ಕೆ ತಿರುಗುವಳು. ಉಳಿದವರು ಗೋಡೆಯ ಮರೆಯಿಂದ ಹೊರಬರುವರು. ಇಷ್ಟೇ. ನೂರು ಮುಖವಾಡಗಳು ಹುಟ್ಟಿಸಲಾರದ ಭಯವನ್ನು ಆ ಒಂದು ಚೊಂಬು ನೀರು ಹುಟ್ಟಿಸಿತು. 'ಮುಂಗಾರು ಮಳೆ'ಯಲ್ಲಿ ನಾವೆಲ್ಲ ಕಂಡಿದ್ದ ಪೂಜಾ ಗಾಂಧಿಯವರೇ ಇಲ್ಲಿ ಬೀಡಿ ಸೇದುವ ಲಕ್ಷ್ಮಿಯಾಗಿ ನಿಂತಾಗ ಗುರುತು ಹಿಡಿಯುವುದೇ ಕಷ್ಟವಾಯಿತು. ಅವರೊಡನೆ ಮಕರಂದ ದೇಶಪಾಂಡೆಯವರು. ಎದುರಿಗೆ ಪೊಲೀಸ್ ಅಧಿಕಾರಿ ಚಲಪತಿಯಾಗಿ ರವಿಶಂಕರರು.

ಈ ಭಯದ ಬೇರು ಕಟ್ಟುಕಥೆಯಲ್ಲಿಲ್ಲ. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಮುತ್ತಲ ಮನೆಗಳಲ್ಲಿ ನಡೆದ ಕೊಲೆ ದರೋಡೆಗಳ ಆಪಾದನೆ ಹೊತ್ತವರ ಗುಂಪಿಗೆ ಹೊಸಕೋಟೆ ತಾಲ್ಲೂಕಿನ ಆ ಊರಿನ ಹೆಸರು ಅಂಟಿಕೊಂಡಿತು. ವಿಶೇಷ ನ್ಯಾಯಾಲಯವು ಅವರಲ್ಲಿ ಹಲವರಿಗೆ ಮರಣದಂಡನೆಯನ್ನೂ ವಿಧಿಸಿತು. ನಮ್ಮ ಮಂಚೇನಹಳ್ಳಿಗೆ ಹೊಸಕೋಟೆಯು ಪರದೇಶವೇನಲ್ಲ. ಚಿಕ್ಕಬಳ್ಳಾಪುರವನ್ನು ದಾಟಿ ದಕ್ಷಿಣಕ್ಕೆ ಹೋದರೆ ಸಿಗುವ ಸೀಮೆ. ಅತ್ತ ಆಂಧ್ರದ ಗಡಿಯೂ ಹತ್ತಿರವಾದುದರಿಂದ, ತೆಲುಗಿನ ಮಾತು ತೊಟ್ಟು ಬಂದ ಅದೇ ಚಿತ್ರವನ್ನು ಎರಡೆರಡು ಭಾಷೆಗಳಲ್ಲಿ ನೋಡಿದವರೂ ನಮ್ಮ ಕಡೆ ಉಂಟು.

ನೀರಿನ ಮಾತನ್ನು ಇನ್ನೂ ಸ್ವಲ್ಪ ಬೆಳೆಸಬೇಕಾಗಿದೆ. ನಮ್ಮದು ವರ್ಷವಿಡೀ ಹರಿಯುವ ಹೊಳೆಯಿಲ್ಲದ ಬಯಲುಸೀಮೆ. ಉತ್ತರ ಪಿನಾಕಿನಿಯ ಪಾತ್ರದಲ್ಲಿ ನೀರಿಗಿಂತ ಮರಳನ್ನು ಕಾಣುವ ದಿನಗಳೇ ಹೆಚ್ಚು. ಕೊಳವೆಬಾವಿಗಳನ್ನು ಎಷ್ಟು ಆಳಕ್ಕೆ ಕೊರೆಯಬೇಕೆಂಬುದು ರೈತರಿಗೇ ಗೊತ್ತು. ಇಂಥ ನಾಡಿನಲ್ಲಿಯೇ ಬೇಸಗೆ ಬಂದೊಡನೆ ದಾರಿಯ ಬದಿಯಲ್ಲಿ ಅರವಟ್ಟಿಗೆ ಇಡುವ ಧರ್ಮವೂ ಬೆಳೆಯಿತು. ನೀರು ಕೇಳಿದವರ ಜಾತಿಯನ್ನು ಕೇಳಿದ ಪಾಪ ನಮ್ಮಲ್ಲಿ ಬೇಕಾದಷ್ಟಿದೆ, ಅದನ್ನು ಮುಚ್ಚಿಡಲಾಗದು. ಆದರೂ ಬಾಯಾರಿದವರಿಗೆ ನೀರಿಲ್ಲವೆನ್ನಬಾರದೆಂಬ ಮಾತು ಮನೆಮನೆಯಲ್ಲಿಯೂ ಇತ್ತು. ಮೊದಲ ಚಿತ್ರವು ಕೈಯಿಟ್ಟಿದ್ದು ಈ ಮಾತಿನ ಮೇಲೆಯೇ. ಅದನ್ನು ನೋಡಿ ಬಂದ ಮೇಲೆ, ಕಲ್ಲು ಒಡೆಯಲು ಬಂದ ಕೂಲಿಯ ಹೆಂಗಸಿಗೆ ಕಿಟಕಿಯ ಸರಳಿನ ಸಂದಿಯಿಂದ ಲೋಟವನ್ನು ನೀಡುವ ಗೃಹಿಣಿಯನ್ನು ತಪ್ಪೆನ್ನಲೂ ಆಗದು, ಸರಿಯೆನ್ನಲೂ ಮನಸ್ಸು ಬಾರದು.

ಎರಡನೆಯ ಭಾಗವು 2017ರಲ್ಲಿ ಬಂದಿತು. ಅದಕ್ಕೆ ಊರಿನ ಹೆಸರಿರಲಿಲ್ಲ. ಬರಿಯ '2' ಎಂಬ ಅಂಕಿಯೇ ಹೆಸರು. ನಿರ್ದೇಶಕರು ಅವರೇ, ಮುಖ್ಯ ನಟರೂ ಅವರೇ. ಆದರೆ ಕಥೆಯು ಬೆನ್ನು ತಿರುಗಿಸಿ ನಿಂತಿತು. ಶ್ರುತಿಯವರು ಅಭಿನಯಿಸಿದ ಪತ್ರಕರ್ತೆಯೊಬ್ಬಳು ಸೆರೆಮನೆಗೆ ಹೋಗಿ ಅಪರಾಧಿಗಳ ಬಾಯಿಂದಲೇ ಅವರ ಕಥೆಯನ್ನು ಕೇಳುವಳು. ನಾವು ಕೂಲಿ ಮಾಡಿ ಬದುಕಿದವರು, ಹೊಡೆದು ಬಡಿದು ನಮ್ಮಿಂದ ಒಪ್ಪಿಸಿದರು ಎಂಬುದು ಅವರ ಅಳಲು. ಮೊದಲ ಭಾಗದಲ್ಲಿ ನಾವು ಯಾವ ಅಧಿಕಾರಿಗೆ ಜಯಕಾರ ಹಾಕಿದೆವೋ ಅವನೇ ಇಲ್ಲಿ ಕ್ರೂರಿಯಾಗಿ ಕಾಣುವನು.

ಹೆದರಿಕೆಯನ್ನು ಅರಸಿ ಹೋದ ಅಭಿಮಾನಿಗೆ ಇದರಿಂದ ಆಶಾಭಂಗವಾಗುವುದು ಸಹಜ. ಹೊರದೇಶದಲ್ಲಿಯೂ ಹಾಗೆಯೇ ಆಗಿದೆ. 1982ರಲ್ಲಿ 'ಹ್ಯಾಲೋವೀನ್' ಸಾಲಿನ ಮೂರನೆಯ ಚಿತ್ರವನ್ನು ಮುಖವಾಡದ ಕೊಲೆಗಾರನನ್ನು ಬಿಟ್ಟು ತೆಗೆದರು, ಜನರು ಮುನಿದರು, 1988ರಲ್ಲಿ ಅವನನ್ನೇ ಮತ್ತೆ ಕರೆತರಬೇಕಾಯಿತು. ನನಗಂತೂ '2' ಚಿತ್ರದ ಈ ತಿರುವು ಮೆಚ್ಚಿಗೆಯಾಯಿತು. ಒಂದು ಕಥೆಯ ಮುಂದಿನ ಭಾಗವು ಹಿಂದಿನ ಭಾಗವನ್ನೇ ಅನುಮಾನಿಸುವ ಧೈರ್ಯವನ್ನು ತೋರುವುದು ಅಪರೂಪ. ಅಲ್ಲದೆ ಅದು ಎತ್ತಿದ ಪ್ರಶ್ನೆಯು ಹುಸಿಯಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ರುಜುವಾತುಪಡಿಸಕೂಡದೆಂದು 1872ರ ಸಾಕ್ಷ್ಯ ಕಾಯಿದೆಯೇ ಹೇಳಿತ್ತು; 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯೂ ಆ ನಿಯಮವನ್ನು ಉಳಿಸಿಕೊಂಡಿದೆ. ಏಟಿನಿಂದ ಹೊರಡಿಸಿದ ಮಾತು ಎಷ್ಟರ ಮಟ್ಟಿಗೆ ಸತ್ಯವೆಂಬ ಶಂಕೆಯು ಇಷ್ಟು ಹಳೆಯದು.

ಹೀಗಿದ್ದೂ ಚಿತ್ರವು ಅರ್ಧ ದಾರಿಯಲ್ಲಿ ಕಾಲೆಡವಿತೆಂದು ಹೇಳದೆ ವಿಧಿಯಿಲ್ಲ. ಠಾಣೆಯ ಹಿಂಸೆಯ ದೃಶ್ಯಗಳು ಒಂದರ ಹಿಂದೊಂದು, ಮುಗಿಯಿತೆಂದರೆ ಇನ್ನೊಂದು. ಮೊದಲ ಭಾಗದಲ್ಲಿ ಕೊರಳು ಕೊಯ್ಯುವುದನ್ನು ಯಾವ ಆಸೆಯಿಂದ ತೋರಿಸಿದರೋ ಅದೇ ಆಸೆಯಿಂದಲೇ ಇಲ್ಲಿ ಲಾಠಿಯನ್ನೂ ತೋರಿಸಿದರು. ಕೊಲ್ಲುವವರೂ ಸಾಯುವವರೂ ಜಾಗ ಬದಲಾಯಿಸಿದರು. ನೋಡುವ ಕಣ್ಣು ಮಾತ್ರ ಬದಲಾಗಲಿಲ್ಲ. ಮೊದಲ ಚಿತ್ರದ ಬಲವಿದ್ದುದು ನೀರು ಕೇಳುವ ಆ ಅರೆಗಳಿಗೆಯಲ್ಲಿ, ಏನೂ ನಡೆಯದ ಹೊತ್ತಿನಲ್ಲಿ. ಎರಡನೆಯದಕ್ಕೆ ಅಂಥ ಒಂದು ಗಳಿಗೆಯು ಸಿಕ್ಕಿದ್ದರೆ, ಎಂದರೆ ಕೂಲಿಗೆ ಬಂದ ಹೆಂಗಸು ನಿಜವಾಗಿಯೇ ಬಾಯಾರಿ ಬಾಗಿಲಲ್ಲಿ ನಿಂತು, ಒಳಗಿನವರು ಅಗುಳಿ ಹಾಕಿಕೊಳ್ಳುವ ಸಪ್ಪಳವನ್ನು ಕೇಳುವ ಒಂದೇ ದೃಶ್ಯವಿದ್ದಿದ್ದರೆ, ಆ ಹತ್ತಾರು ಲಾಠಿಯೇಟುಗಳ ಅಗತ್ಯವೇ ಬೀಳುತ್ತಿರಲಿಲ್ಲ.

ಊರಿನ ವಿಷಯವನ್ನೂ ನೆನೆಯಬೇಕು. ದಂಡುಪಾಳ್ಯದಲ್ಲಿ ಉಳುವವರೂ ಹಾಲು ಕರೆಯುವವರೂ ಇರುವರು. ಅವರ ಮನೆಯ ಮಗಳಿಗೆ ಗಂಡು ನೋಡಲು ಬಂದವರು ಊರು ಯಾವುದೆಂದು ಕೇಳಿದಾಗ, ಮಗನು ಪಟ್ಟಣದಲ್ಲಿ ಬಾಡಿಗೆಗೆ ಕೋಣೆ ಹುಡುಕುವಾಗ, ಆ ಹೆಸರನ್ನು ಬಾಯಿ ಬಿಟ್ಟು ಹೇಳಲೇಬೇಕಷ್ಟೆ. ಅಂಕಿಯನ್ನೇ ಹೆಸರಾಗಿಟ್ಟ ಚಿತ್ರವನ್ನೂ ಜನರು ದಂಡುಪಾಳ್ಯದ ಎರಡನೆಯ ಭಾಗವೆಂದೇ ಕರೆದರು. ನಾನೂ ಈ ಲೇಖನದ ತಲೆಯ ಮೇಲೆ ಹಾಗೆಯೇ ಬರೆದಿರುವೆನು, ಬೇರೆ ಹೆಸರಿನಿಂದ ಅದು ಯಾರಿಗೂ ತಿಳಿಯುವಂತಿಲ್ಲ.

2018ರಲ್ಲಿ ಮೂರನೆಯದೂ 2019ರಲ್ಲಿ, ಬೇರೆ ನಿರ್ದೇಶಕರ ಕೈಯಲ್ಲಿ, ಸುಮನ್ ರಂಗನಾಥರು ಮುಖ್ಯ ಪಾತ್ರ ವಹಿಸಿದ ನಾಲ್ಕನೆಯದೂ ಬಂದುವು. ಅವುಗಳ ವಿಷಯ ಹೆಚ್ಚು ಹೇಳುವಂಥದಿಲ್ಲ. ಮಕ್ಕಳಿಗೆ ಈ ಯಾವ ಭಾಗವೂ ತಕ್ಕದ್ದಲ್ಲ. ದೊಡ್ಡವರು ನೋಡುವುದಾದರೆ ಮೊದಲನೆಯದನ್ನೂ ಎರಡನೆಯದನ್ನೂ ಒಂದರ ಬೆನ್ನಿಗೆ ಒಂದನ್ನು ನೋಡಲಿ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಸಪ್ಪೆಯಾಗುವುವು. ಮೂರನೆಯದಕ್ಕಾಗಿ ಕೊಡುವ ಹಣವನ್ನು ಉಳಿಸಿಕೊಂಡರೂ ನಷ್ಟವಿಲ್ಲ.