ಕುದುರೆಯ ಕರುಳು, ಕಾವಲಿನ ದನ

‘ಕುದುರೆಯ ಕರುಳಿನ ಸೂಕ್ಷ್ಮಜೀವಿ ಸಂಶೋಧನೆ ರೇಸ್ ಮಾಲೀಕರಿಗೆ ಬೇಕಾದದ್ದು, ಕಡೂರು, ತರೀಕೆರೆ, ಅಜ್ಜಂಪುರದ ರೈತರಿಗೆ ಅದರಿಂದೇನು?’ ಎಂಬ ವಾದ ತಪ್ಪು.

ಹುಲ್ಲಿನ ನಾರನ್ನು ಅರಗಿಸುವ ಕಿಣ್ವ ಕುದುರೆಗೂ ಇಲ್ಲ, ದನಕ್ಕೂ ಇಲ್ಲ. ಆ ಕೆಲಸ ಸೂಕ್ಷ್ಮಜೀವಿಗಳದ್ದು: ದನದಲ್ಲಿ ಹೊಟ್ಟೆಯ ಮೊದಲ ಕೋಣೆಯಲ್ಲಿ, ಕುದುರೆಯಲ್ಲಿ ದೊಡ್ಡಕರುಳಿನಲ್ಲಿ. ಒಮ್ಮೆಲೇ ಕಾಳು ಹೆಚ್ಚಾದರೆ ಎರಡರಲ್ಲೂ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಕುದುರೆಗೆ ಹೊಟ್ಟೆನೋವು, ಗೊರಸಿನ ಉರಿಯೂತ; ದನಕ್ಕೆ ಪ್ರಾಣಕ್ಕೇ ಬರುವ ಆಮ್ಲಬಾಧೆ. ಮದುವೆಮನೆಯಲ್ಲಿ ಮಿಕ್ಕ ಅನ್ನ ತಿಂದು ಹೊಟ್ಟೆ ಉಬ್ಬರಿಸಿ ಬಿದ್ದ ಹಸುವನ್ನು ನಮ್ಮ ಹಳ್ಳಿಗಳಲ್ಲಿ ಯಾರು ಕಂಡಿಲ್ಲ? ಗಟ್ಟಿಮುಟ್ಟಾದ ದನದ ಹೊಟ್ಟೆಯ ರಸವನ್ನು ಕಾಯಿಲೆಯ ದನಕ್ಕೆ ಕುಡಿಸುವ ಚಿಕಿತ್ಸೆ ಪಶುವೈದ್ಯರಿಗೆ ಹಳೆಯದು. ಕುದುರೆಗೆ ಲದ್ದಿಯ ದ್ರಾವಣ ಕೊಡುವ ಚಿಕಿತ್ಸೆ ಅದೇ ಜಾಡಿನದು. ಅದು ಎಲ್ಲ ಕುದುರೆಗೂ ಫಲ ಕೊಡುವುದಿಲ್ಲ, ನಿಜ. ಏಕೆ ಎಂದು ತಿಳಿಯಲೆಂದೇ ಸಂಶೋಧನೆ.

ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿರುವ ಅಮೃತಮಹಲ್, ಹೈದರ್ ಮತ್ತು ಟಿಪ್ಪು ಸೇನೆಗಳ ಫಿರಂಗಿ ಎಳೆದ ತಳಿ. ಕಾವಲಿನ, ಅಂದರೆ ಮೇಯಲು ಕಾದಿರಿಸಿದ ಹುಲ್ಲುಗಾವಲಿನ, ಒಣಹುಲ್ಲಿನಲ್ಲೇ ಗಟ್ಟಿಯಾದದ್ದು. ಅದರ ಹೊಟ್ಟೆಯಲ್ಲಿ ಯಾವ ಜೀವಿಗಳಿವೆ, ಕಾವಲು ಕುಗ್ಗಿ ಮೇವು ಬದಲಾದರೆ ಅವು ಏನಾಗುತ್ತವೆ ಎಂದು ಕೇಳಬೇಕಾದವರು ನಾವೇ. ಸೂಕ್ಷ್ಮಜೀವಿಗಳನ್ನು ಡಿಎನ್‌ಎಯಿಂದ ಗುರುತಿಸುವ, ಕುದುರೆಯಲ್ಲಿ ಪಳಗಿದ ವಿಧಾನ ಇಲ್ಲಿಗೂ ಒದಗುತ್ತದೆ. ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಅಜ್ಜಂಪುರದ ಹಿಂಡಿನಿಂದ ಮಾದರಿ ತೆಗೆದು ಕಾಪಿಡುವ ಕೆಲಸ ಶುರುವಾಗಲಿ.