ಆಪರೇಷನ್ ಆದ ಮೊದಲ ಮೂರು ದಿನ

2025ರ ಮೇ-ಜೂನ್ ತಿಂಗಳನ್ನು ಹಾಸನ ಜಿಲ್ಲೆಯವರು ಮರೆತಿರಲಿಕ್ಕಿಲ್ಲ. ಬೆಳಗ್ಗೆ ಮೊಬೈಲ್ ತೆರೆದರೆ ಯಾರದೋ ಹೃದಯಾಘಾತದ ಸುದ್ದಿ, ಅದೂ ಎಳೆ ಪ್ರಾಯದವರದು. ಹೆದರಿದ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು ಎಂದಿತು. ಜಿಲ್ಲೆಯಲ್ಲಿ ಹೃದಯಾಘಾತ ಏಕಾಏಕಿ ಏರಿದೆ ಎನ್ನಲು ಆಧಾರ ಸಿಗಲಿಲ್ಲ. ಸಿಕ್ಕಿದ್ದು ನಾವೆಲ್ಲ ಬಲ್ಲ ಹಳೆಯ ಕಾರಣಗಳೇ: ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಬೀಡಿ-ಸಿಗರೇಟು.

ಆ ಗಾಬರಿ ಈಗ ಇಳಿದಿದೆ. ಆದರೆ ಒಂದು ವಿಚಿತ್ರ ಹಾಗೇ ಉಳಿದಿದೆ. ಎದೆಯಲ್ಲಿ ಸಣ್ಣ ಚುಚ್ಚು ಕಂಡರೂ ಇಸಿಜಿಗೆ ಓಡುವ ನಾವು, ಉಮ್ಮನನ್ನೋ ಬಾಪನನ್ನೋ ಬೇರೆ ಆಪರೇಷನ್‌ಗೆ ಕರೆದೊಯ್ಯುವಾಗ ಹೃದಯದ ಮಾತನ್ನೇ ಎತ್ತುವುದಿಲ್ಲ. "ಹಾರ್ಟಿಂದು ಏನಿಲ್ಲ ಡಾಕ್ಟ್ರೇ, ಪಿತ್ತಕೋಶದಲ್ಲಿ ಕಲ್ಲು ಅಷ್ಟೇ" ಎಂದುಬಿಡುತ್ತೇವೆ.

ಹೆತ್ತೂರು, ವನಗೂರು ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಉಮ್ಮನಿಗೆ 67 ವರ್ಷ, ಹಳೆಯ ಸಕ್ಕರೆ ಕಾಯಿಲೆ. ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಚೆನ್ನಾಗಿಯೇ ಆಗಿದೆ. ಮರುದಿನವೇ ಮನೆಯವರಿಗೆ ಅವಸರ: ರೂಮಿನ ಬಾಡಿಗೆ ಏರುತ್ತಿದೆ, ಅಂಗಡಿ ಮುಚ್ಚಿದೆ, ಮಗನ ರಜೆ ಮುಗಿಯುತ್ತಿದೆ. ಕೇಳಿಕೊಂಡು ಡಿಸ್ಚಾರ್ಜ್ ಮಾಡಿಸಿ ಜೀಪು ಹತ್ತಿಸುತ್ತಾರೆ. ಆ ರಾತ್ರಿ ಉಮ್ಮ ಬೆವರುತ್ತಾರೆ, ಸುಸ್ತು ಎನ್ನುತ್ತಾರೆ, ಎದೆನೋವು ಮಾತ್ರ ಇಲ್ಲ. "ಗ್ಯಾಸ್ ಇರ್ಬೇಕು, ಜೀರಿಗೆ ನೀರು ಕೊಡಿ" ಎನ್ನುತ್ತಾರೆ ಯಾರೋ. ಹೊರಗೆ ಮಳೆ, ದಾರಿಯಲ್ಲಿ ಆನೆಯ ಭಯ. ಬೆಳಗಾಗಲಿ ನೋಡೋಣ ಎಂದು ಕಾಯುತ್ತಾರೆ. ಇದು ಯಾವುದೇ ಒಂದು ಮನೆಯ ಕಥೆಯಲ್ಲ, ಆದರೆ ಓದುತ್ತಿರುವ ಅನೇಕರಿಗೆ ಪರಿಚಿತ ಎನಿಸಬಹುದು.

ಹೃದಯಕ್ಕೆ ಕತ್ತರಿ ಹಾಕದ ಆಪರೇಷನ್‌ನಲ್ಲೂ ಹೃದಯಕ್ಕೆ ಪೆಟ್ಟು ಬೀಳುವುದು ಹೇಗೆ? ಗಾಯವಾದಾಗ ದೇಹ ಅದನ್ನು ಆಪತ್ತೆಂದೇ ಎಣಿಸುತ್ತದೆ. ಎದೆಬಡಿತ ಏರುತ್ತದೆ, ಬಿಪಿ ಏರಿಳಿಯುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ರಕ್ತ ನಷ್ಟವಾಗಿದ್ದರೆ ಆಮ್ಲಜನಕದ ಪೂರೈಕೆಯೂ ಕಡಿಮೆ. ಮೊದಲೇ ಕಿರಿದಾದ ರಕ್ತನಾಳವಿದ್ದವರ ಹೃದಯಕ್ಕೆ ಇಷ್ಟು ಸಾಕು. ಕೆನಡಾದ ವೈದ್ಯ ಡಾ. ಪಿ.ಜೆ. ಡೆವರೊ ನೇತೃತ್ವದಲ್ಲಿ ಹಲವು ದೇಶಗಳಲ್ಲಿ ನಡೆದ 'ವಿಷನ್' ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜೂ ಪಾಲ್ಗೊಂಡಿತ್ತು. ಹೃದಯವನ್ನು ಬಿಟ್ಟು ಬೇರೆ ಆಪರೇಷನ್ ಮಾಡಿಸಿಕೊಂಡ, 45 ದಾಟಿದ ಸುಮಾರು 15,000 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ 100ಕ್ಕೆ 8 ಮಂದಿಯ ಹೃದಯದ ಸ್ನಾಯುವಿಗೆ ಹಾನಿಯಾಗಿದ್ದು ಕಂಡಿತು. 2014ರಲ್ಲಿ ಪ್ರಕಟವಾದ ಈ ವರದಿಯ ಮುಖ್ಯ ಅಂಶ ಮುಂದಿದೆ: ಹಾನಿಯಾದವರಲ್ಲಿ 100ಕ್ಕೆ 84 ಮಂದಿಗೆ ಹೃದಯಾಘಾತದ ಯಾವ ಲಕ್ಷಣವೂ ಇರಲಿಲ್ಲ. ನೋವಿನ ಮದ್ದು, ಅರಿವಳಿಕೆಯ ಮಂಪರು, ಸಕ್ಕರೆ ಕಾಯಿಲೆ ಎಲ್ಲವೂ ಎದೆನೋವನ್ನು ಮುಚ್ಚಿಬಿಡುತ್ತವೆ. 30 ದಿನಗಳೊಳಗೆ ತೀರಿಕೊಂಡವರು ಹಾನಿ ಇಲ್ಲದವರಲ್ಲಿ 100ಕ್ಕೆ ಸುಮಾರು 1, ಹಾನಿಯಾದವರಲ್ಲಿ ಸುಮಾರು 10. ಪೆಟ್ಟು ಬೀಳುವುದು ಬಹುಪಾಲು ಮೊದಲ ಎರಡು-ಮೂರು ದಿನಗಳಲ್ಲಿ. ನಾವು ಜೀಪು ಹತ್ತಿಸುವುದೂ ಅದೇ ದಿನಗಳಲ್ಲಿ.

ಇದನ್ನು ಹಿಡಿಯುವ ರಕ್ತ ಪರೀಕ್ಷೆಯ ಹೆಸರು ಟ್ರೊಪೋನಿನ್. ಹೃದಯ ಕಾಯಿಲೆ ಇದ್ದವರಿಗೆ ಮತ್ತು 65 ದಾಟಿದವರಿಗೆ ದೊಡ್ಡ ಆಪರೇಷನ್ ಆಗುವುದಿದ್ದರೆ, ಮೊದಲೊಮ್ಮೆ, 24 ಗಂಟೆಗೊಮ್ಮೆ, 48 ಗಂಟೆಗೊಮ್ಮೆ ಈ ಪರೀಕ್ಷೆ ಮಾಡಬೇಕೆಂದು ಯುರೋಪಿನ ಹೃದ್ರೋಗ ತಜ್ಞರ ಸಂಘದ 2022ರ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಎಲ್ಲ ಕಡೆ ಇದು ರೂಢಿಯಲ್ಲಿಲ್ಲ. ಹಾಗಾಗಿ ಮನೆಯವರೇ ಬಾಯಿಬಿಟ್ಟು ಕೇಳಬೇಕು: "ಡಾಕ್ಟ್ರೇ, ಇವರಿಗೆ ಟ್ರೊಪೋನಿನ್ ಮಾಡಿಸುವ ಅಗತ್ಯವಿದೆಯೇ?" ಕಣ್ಣಿನ ಪೊರೆಯಂಥ ಸಣ್ಣ ಆಪರೇಷನ್‌ಗೆ ಇದೆಲ್ಲ ಬೇಡ. ಅದಕ್ಕೂ ಹೆದರಿ ಕುಳಿತು ಕಣ್ಣು ಕಳೆದುಕೊಳ್ಳಬಾರದು.

ಘಟ್ಟದ ಮೇಲಿನವರಿಗೆ ಇನ್ನೊಂದು ಸಂಗತಿ ಗೊತ್ತಿರಲೇಬೇಕು. ರಾಜ್ಯ ಸರಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಒಳ್ಳೆಯ ಯೋಜನೆ, ದೂರದ ಊರಿನವರ ಜೀವ ಉಳಿಸುವಂಥದ್ದು. ಆದರೆ ಮೂರು ವಾರದೊಳಗೆ ದೊಡ್ಡ ಆಪರೇಷನ್ ಆದವರಿಗೆ ಆ ಮದ್ದು ಅಪಾಯ. ಹೊಲಿಗೆ ಹಾಕಿದ ಜಾಗದಲ್ಲೇ ರಕ್ತಸ್ರಾವ ಶುರುವಾಗಬಹುದು. ಅಂಥವರಿಗೆ ಹೆಚ್ಚಾಗಿ ಆಂಜಿಯೋಪ್ಲಾಸ್ಟಿ ಇರುವ ದೊಡ್ಡ ಆಸ್ಪತ್ರೆಯೇ ಬೇಕು. ಅಂದರೆ ಹೆತ್ತೂರಿನಿಂದ ಸಕಲೇಶಪುರ ತಲುಪಿದರೂ ದಾರಿ ಮುಗಿಯುವುದಿಲ್ಲ. ಹಾಸನಕ್ಕೋ ಮಂಗಳೂರಿಗೋ ಹೋಗಬೇಕು. ಮಂಗಳೂರಿನ ದಾರಿಯಲ್ಲಿರುವ ಶಿರಾಡಿ ಘಾಟಿ ಮಳೆಗಾಲದಲ್ಲಿ ಯಾವಾಗ ಕುಸಿಯುತ್ತದೋ ಹೇಳುವಂತಿಲ್ಲ. ಆಪರೇಷನ್ ಆದ ಮೂರು ದಿನ ಪಟ್ಟಣದಲ್ಲೇ, ಆಸ್ಪತ್ರೆಯಲ್ಲೋ ಹತ್ತಿರದ ನೆಂಟರ ಮನೆಯಲ್ಲೋ, ಹಿರಿಯರನ್ನು ಉಳಿಸಿಕೊಳ್ಳಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ. ಊರಿಗೆ ಬಂದ ಮೇಲೆ ತೊಂದರೆಯಾದರೆ 108ಕ್ಕೆ ಕರೆ ಮಾಡುವಾಗಲೇ, ಮೊದಲ ವಾಕ್ಯದಲ್ಲೇ "ಇಂಥ ದಿನ ಆಪರೇಷನ್ ಆಗಿದೆ" ಎಂದು ಹೇಳಿ. ಡಿಸ್ಚಾರ್ಜ್ ಚೀಟಿ ಕಪಾಟಿನೊಳಗೆ ಬೀಗ ಹಾಕಿಡುವ ವಸ್ತುವಲ್ಲ.

ಇನ್ನು ನಮ್ಮದೇ ತಪ್ಪುಗಳು. ನಮ್ಮ ಅನೇಕ ಮನೆಗಳಲ್ಲಿ ಆಪರೇಷನ್ ದಿನ ಗೊತ್ತು ಮಾಡುವುದು ವೈದ್ಯರಲ್ಲ, ಗಲ್ಫ್‌ನಲ್ಲಿರುವ ಮಗನ ರಜೆ. ಅವನು ಬರುವ ತಿಂಗಳಲ್ಲೇ ಮೊಣಕಾಲು, ಹರ್ನಿಯಾ, ಪ್ರಾಸ್ಟೇಟ್ ಎಲ್ಲ ಮುಗಿಯಬೇಕು. ಬಾಪನಿಗೆ ನಾಲ್ಕು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದು ಆಗ ಯಾರಿಗೂ ನೆನಪಾಗುವುದಿಲ್ಲ. ತುರ್ತು ಇಲ್ಲದ ಆಪರೇಷನ್ ಆದರೆ ಸ್ಟೆಂಟ್ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತವಾಗಿ ಹಾಕಿದ್ದಾದರೆ ಒಂದು ವರ್ಷ ಕಾಯಬೇಕೆನ್ನುತ್ತಾರೆ ತಜ್ಞರು. ಹರ್ನಿಯಾ ಕಾಯುತ್ತದೆ, ಮಗ ಇನ್ನೊಮ್ಮೆ ಬರುತ್ತಾನೆ. ಸೊಂಟದ ಮೂಳೆ ಮುರಿದರೆ ಮಾತ್ರ ಮಾತು ಬೇರೆ. ಅಲ್ಲಿ ತಡ ಮಾಡುವುದೇ ಅಪಾಯ. "ಎಕೋ ಆಗಲಿ, ಇನ್ನೊಬ್ಬ ಡಾಕ್ಟರನ್ನು ಕೇಳೋಣ" ಎಂದು ವಾರಗಟ್ಟಲೆ ಮಲಗಿಸಬಾರದು.

ಮಾತ್ರೆಗಳ ವಿಷಯ ಅದಕ್ಕಿಂತ ಗೋಜಲು. ಗಲ್ಫ್‌ನಿಂದ ತಂದ ಸ್ಟ್ರಿಪ್‌ಗಳ ಮೇಲಿನ ಹೆಸರು ಇಲ್ಲಿಯವರಿಗೆ ಗೊತ್ತಿರುವುದಿಲ್ಲ. "ಒಂದು ಬಿಳಿ ಮಾತ್ರೆ, ಒಂದು ಕೆಂಪು" ಎಂದರೆ ಅರಿವಳಿಕೆ ವೈದ್ಯರು ಏನು ಮಾಡಬೇಕು? ಇರುವ ಎಲ್ಲ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮುಂದೆ ಸುರಿಯಿರಿ, ಕಷಾಯ, ಲೇಹ್ಯ ಇದ್ದರೆ ಅದನ್ನೂ ಹೇಳಿ. ಬೀಡಿ ಸೇದುವುದನ್ನು ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೆರೆಮನೆಯವರ ಮಾತು ಕೇಳಿ ನಿಲ್ಲಿಸುವುದೂ ಬೇಡ, ಹಟ ಹಿಡಿದು ನುಂಗುವುದೂ ಬೇಡ. ಸ್ಟೆಂಟ್ ಇದ್ದವರಿಗೆ ಒಂದು ಲೆಕ್ಕ, ಇಲ್ಲದವರಿಗೆ ಇನ್ನೊಂದು. ಸಕ್ಕರೆಯ ಡಾಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಗಳನ್ನು ಆಪರೇಷನ್‌ಗೆ ಮೂರು-ನಾಲ್ಕು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಬಡಿತ ತಗ್ಗಿಸುವ ಮೆಟೊಪ್ರೊಲಾಲ್ ಮೊದಲಿನಿಂದ ತಿನ್ನುವವರು ಅದನ್ನು ಥಟ್ಟನೆ ಬಿಡಬಾರದು. ಆದರೆ ಅದನ್ನೇ ಆಪರೇಷನ್ ದಿನ ಹೊಸದಾಗಿ ಶುರುಮಾಡಿದರೆ ಏನಾಗುತ್ತದೆಂದು 8,351 ರೋಗಿಗಳ ಮೇಲೆ ನಡೆದ 'ಪಾಯ್ಸ್' ಅಧ್ಯಯನ 2008ರಲ್ಲಿ ತೋರಿಸಿತು: ಹೃದಯಾಘಾತ ಕಡಿಮೆಯಾಯಿತು, ಪಾರ್ಶ್ವವಾಯು ಮತ್ತು ಸಾವು ಹೆಚ್ಚಾದವು. ಬಲ್ಲ ವೈದ್ಯರೇ ತಲೆಕೆಡಿಸಿಕೊಳ್ಳುವ ವಿಷಯವನ್ನು ನಾವು ವಾಟ್ಸ್‌ಆ್ಯಪ್‌ನಲ್ಲಿ ತೀರ್ಮಾನಿಸುವುದು ಬೇಡ.

ವೈದ್ಯರು "ಎರಡು ಮಹಡಿ ಹತ್ತುತ್ತೀರಾ?" ಎಂದು ಕೇಳುವುದು ಸುಮ್ಮನೆ ಅಲ್ಲ, ಹೃದಯದ ತಾಕತ್ತು ಅಳೆಯಲು. ನಮ್ಮ ಹಿರಿಯರಿಗೆ ಮಹಡಿ ಎಲ್ಲಿದೆ? ತೋಟದ ಏರು ಇದೆ. ಹೋದ ವರ್ಷ ನಿಲ್ಲದೆ ಹತ್ತುತ್ತಿದ್ದವರು ಈ ವರ್ಷ ನಡುವೆ ಎರಡು ಸಲ ಕುಳಿತುಕೊಳ್ಳುತ್ತಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ ಹೇಳಬೇಕು. ಆಸ್ಪತ್ರೆಗಳಿಗೂ ಒಂದು ಮಾತಿದೆ. 'ಫಿಟ್‌ನೆಸ್' ಎಂಬುದು ಒಂದು ಇಸಿಜಿ, ಒಂದು ಸಹಿ ಆಗಿಬಿಟ್ಟಿದೆ. ಅಪಾಯ ಎಷ್ಟು, ಆಪರೇಷನ್ ನಂತರ ಯಾವ ಪರೀಕ್ಷೆ, ಎಷ್ಟು ದಿನ ನಿಗಾ ಎಂಬುದನ್ನು ಮನೆಯವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಕೊಡುವುದು ದೊಡ್ಡ ಕೆಲಸವೇನಲ್ಲ.

ಕೊನೆಯದಾಗಿ ಜಮಾಅತ್‌ಗಳು ಮತ್ತು ನೆರವು ಸಮಿತಿಗಳಿಗೆ. ಬಡವರ ಆಪರೇಷನ್‌ಗೆ ಹಣ ಕೂಡಿಸುವುದರಲ್ಲಿ ನಮ್ಮ ಸಮುದಾಯ ಹಿಂದೆ ಬಿದ್ದಿಲ್ಲ. ಆದರೆ ಆ ಹಣ ಆಪರೇಷನ್ ಬಿಲ್ಲಿಗೇ ಮುಗಿಯುತ್ತದೆ. ಎರಡನೇ ದಿನದ ವಾರ್ಡು, ಟ್ರೊಪೋನಿನ್ ಪರೀಕ್ಷೆ, ಜೊತೆಗಿರುವವರ ಊಟ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಅದಕ್ಕೇ ಕುಟುಂಬ ಅವಸರದಲ್ಲಿ ಮನೆಗೆ ಹೊರಡುತ್ತದೆ. ಮುಂದಿನ ಸಲ ಅರ್ಜಿ ಬಂದಾಗ ಆಸ್ಪತ್ರೆಯ ಅಂದಾಜು ಪಟ್ಟಿಗೆ ಎರಡು ದಿನದ ಖರ್ಚು ಸೇರಿಸಿಯೇ ಮೊತ್ತ ಮಂಜೂರು ಮಾಡಿ. ಘಟ್ಟದ ಮೇಲಿನಿಂದ ಬಂದ ಕುಟುಂಬವಾದರೆ ಉಳಿಯಲು ಪಟ್ಟಣದಲ್ಲಿ ಒಂದು ಕೋಣೆಯನ್ನೂ ನೋಡಿಕೊಡಿ.