ಬಂಗಾಳ ಬೇಕು, ಬಂಗಾಳಿ ಬೇಡ

ರಾಜ್ಯೋತ್ಸವದ ತಿಂಗಳು ಬಂತೆಂದರೆ ರಾಜಧಾನಿಯ ನಮ್ಮ ಮಿತ್ರಪತ್ರಿಕೆಗಳಿಗೆ ವಲಸೆಯ ನೆನಪಾಗುತ್ತದೆ. ಈ ಸಲವೂ ಒಂದು ಪತ್ರಿಕೆ ದಪ್ಪನೆಯ ವಿಶೇಷಾಂಕ ತಂದಿದೆ. ಕ್ಯಾಲಿಫೋರ್ನಿಯಾದ ಯುಗಾದಿ, ಲಂಡನ್ನಿನ ಬಸವೇಶ್ವರ ಪ್ರತಿಮೆ, ಮೆಲ್ಬರ್ನಿನಲ್ಲಿ ಬಿಸಿಬೇಳೆಬಾತ್ ಕೂಡಿಸಿದ ಸಾಹಸ, ಎಲ್ಲವೂ ಇವೆ. ಕೆಟ್ಟದ್ದೇನಲ್ಲ. ಆದರೆ ವಲಸೆಯೆಂದರೆ ವಿಮಾನ ಹತ್ತುವುದು ಎಂದು ತಿಳಿದ ಈ ಮಹನೀಯರು ವಿಮಾನ ಹತ್ತಲು ನಮ್ಮ ದೇವನಹಳ್ಳಿ ಕಡೆಗೇ ಬರಬೇಕು. ಹೆದ್ದಾರಿಯಿಂದ ಸ್ವಲ್ಪ ಒಳಗೆ ಹೋದರೆ ಸಾಲು ಸಾಲು ತಗಡಿನ ಶೆಡ್ಡುಗಳು. ಕಾರಿನ ಗಾಜು ಇಳಿಸಿದ್ದರೂ ಸಾಕಿತ್ತು.

ಅದೇ ವಿಶೇಷಾಂಕದ ಸಂಪಾದಕೀಯದಲ್ಲಿ ನಮಗೂ ಒಂದು ಗುದ್ದು ಬಿದ್ದಿದೆ, ಹೆಸರು ಹೇಳದೆ. ತಾಲ್ಲೂಕು ಮಟ್ಟದ ಪತ್ರಿಕೆಗಳು ಹೊರಗಿನ ಕೂಲಿಗಳ ಹಾಡುಹಸೆಗೆ ಪುಟ ಕೊಟ್ಟು ಕನ್ನಡದ ಜಾಗವನ್ನು ಕಿರಿದು ಮಾಡುತ್ತಿವೆಯಂತೆ. ಕಳೆದ ಸಂಚಿಕೆಯಲ್ಲಿ ಬಾಶೆಟ್ಟಿಹಳ್ಳಿಯ ಬಂಗಾಳಿ ಗಾರೆ ಕೆಲಸದವರ ಭಾನುವಾರಗಳ ಬಗ್ಗೆ ನಾವು ಎರಡು ಪುಟ ಹಾಕಿದ್ದೆವು, ಅದಕ್ಕೆ ಈ ಉರಿ. ಎರಡು ಪುಟಕ್ಕೇ ಇಷ್ಟಾದರೆ ಈ ಸಂಚಿಕೆ ಇಡಿಯಾಗಿ ಅವರಿಗೇ ಮೀಸಲು.

ಬಂಗಾಳಕ್ಕೆ ಕನ್ನಡದಲ್ಲಿ ಮಣೆ ಹಾಕಿದವರಲ್ಲಿ ನಾವು ಮೊದಲಿಗರೇನೂ ಅಲ್ಲ. ಬಿ. ವೆಂಕಟಾಚಾರ್ಯರು ಮುನ್ಸೀಫಿ ಮಾಡಿಕೊಂಡೇ ಬಂಗಾಳಿ ಕಲಿತು, 1885ರಲ್ಲಿ ಬಂಕಿಮರ ‘ದುರ್ಗೇಶನಂದಿನಿ’ಯನ್ನು ಕನ್ನಡಕ್ಕೆ ತಂದರು. ನಮ್ಮ ಮುತ್ತಜ್ಜಂದಿರಿಗೆ ಕಾದಂಬರಿಯ ಚಟ ಹತ್ತಿಸಿದವರಲ್ಲಿ ಅವರು ಮುಖ್ಯರು. ಮೈಸೂರು ವಿಶ್ವವಿದ್ಯಾಲಯದ ಎರಡನೆಯ ಕುಲಪತಿ ಬ್ರಜೇಂದ್ರನಾಥ ಸೀಲ್ ಬಂಗಾಳದವರು. ರವೀಂದ್ರರು ‘ಶೇಷೇರ್ ಕೊಬಿತಾ’ ಬರೆದು ಮುಗಿಸಿದ್ದು 1928ರಲ್ಲಿ, ಬೆಂಗಳೂರಿನಲ್ಲಿ ಕೂತು. ಕುವೆಂಪು ದೀಕ್ಷೆ ಪಡೆಯಲು ಹೋದದ್ದು ಕಲ್ಕತ್ತೆಯ ಹತ್ತಿರದ ಬೇಲೂರು ಮಠಕ್ಕೆ. ಶರತ್‌ಚಂದ್ರರ ದೇವದಾಸನಿಗಾಗಿ ಕಣ್ಣೀರು ಹಾಕದ ಮನೆ ಒಂದು ಕಾಲಕ್ಕೆ ಇರಲಿಲ್ಲ. ಬಾದಲ್ ಸರ್ಕಾರ್ ಬಾರದೆ ನಮ್ಮ ಹವ್ಯಾಸಿ ರಂಗಭೂಮಿಯ ಎಪ್ಪತ್ತರ ದಶಕವೇ ಇಲ್ಲ. ಇವರೆಲ್ಲ ಬಂದಾಗ ಕನ್ನಡದ ಜಾಗ ಕಿರಿದಾಗಲಿಲ್ಲ. ಕರಣೆ ಹಿಡಿದ ಬಂಗಾಳಿ ಬಂದ ಕೂಡಲೇ ಜಾಗ ಸಾಲದಾಯಿತು!

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇವರು ಬಂದದ್ದು ಕೆಲಸದ ಬೆನ್ನು ಹತ್ತಿ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿಯ ಸುತ್ತ ಕಟ್ಟಡದ ಕೆಲಸ ನಿಂತದ್ದೇ ಇಲ್ಲ. ದೊಡ್ಡಬಳ್ಳಾಪುರದ ಕಡೆ ಬಾಶೆಟ್ಟಿಹಳ್ಳಿ, ಓಬದೇನಹಳ್ಳಿ, ಹೊಸಕೋಟೆಯಲ್ಲಿ ಪಿಳ್ಳಗುಂಪೆ, ನೆಲಮಂಗಲದಾಚೆ ದಾಬಸ್‌ಪೇಟೆಯವರೆಗೆ ಗೋದಾಮುಗಳು. ಸೆಂಟ್ರಿಂಗ್, ಕಂಬಿ ಕಟ್ಟುವುದು, ಗಾರೆ, ಟೈಲ್ಸ್, ಲೋಡಿಂಗ್. ಮುರ್ಷಿದಾಬಾದಿನವರು, ಮಾಲ್ದಾದವರು, ನಾದಿಯಾದವರು. ಊರಿನವರ ಬಾಯಲ್ಲಿ ಒಡಿಯಾ, ಅಸ್ಸಾಮಿ, ಬಿಹಾರಿಗಳ ಜೊತೆ ಸೇರಿ ಇವರೂ ‘ಹಿಂದಿಯವರು’. ಕಂಟ್ರಾಕ್ಟರಿನ ಮೇಸ್ತ್ರಿ ಹಿಂದಿಯಲ್ಲಿ ಬೈಯುತ್ತಾನೆ, ಹಾಗಾಗಿ ಅರೆಬರೆ ಹಿಂದಿ ಬರುತ್ತದೆ, ಅಷ್ಟೆ. ಅವರು ಇದ್ದಾರೆಂಬುದನ್ನು ಮೊದಲು ಅರಿತವರು ಸಾಹಿತಿಗಳಲ್ಲ, ದಿನಸಿ ಅಂಗಡಿಯವರು. ಸಾಸಿವೆ ಎಣ್ಣೆ ಬಾಟಲಿ ಈಗ ಕಡಲೆಕಾಯಿ ಎಣ್ಣೆಯ ಪಕ್ಕದಲ್ಲೇ ಕೂತಿದೆ. ಭಾನುವಾರ ರೋಹು, ಕಾಟ್ಲಾ ಮೀನು ಹನ್ನೊಂದು ಗಂಟೆಯೊಳಗೆ ಖಾಲಿ. ನಮ್ಮ ಪುರಿಗೆ ಹಸಿಮೆಣಸಿನಕಾಯಿ, ಈರುಳ್ಳಿ, ಒಂದು ತೊಟ್ಟು ಅದೇ ಎಣ್ಣೆ ಹಾಕಿ ಕಲಸಿ ತಿನ್ನುತ್ತಾರೆ. ನಮ್ಮ ಕಡ್ಲೆಪುರಿಯಷ್ಟೇ ರುಚಿ. ಎಣ್ಣೆಯ ಘಾಟಿಗೆ ಮೂಗು ಹೊಂದಬೇಕು, ಅಷ್ಟೇ.

ಊಟದ ಮೇಲೆ ಹಾಡು. ಎಲ್ಲ ಶೆಡ್ಡಿನಲ್ಲೂ ಅಲ್ಲ, ಎಲ್ಲ ವಾರವೂ ಅಲ್ಲ. ಮೊಬೈಲಿನಲ್ಲಿ ಸಿನಿಮಾ ಹಾಡೇ ಹೆಚ್ಚು. ಅದನ್ನು ಮುಚ್ಚಿಟ್ಟು ಜಾನಪದದ ಬಣ್ಣ ಬಳಿಯುವ ಇರಾದೆ ನಮಗಿಲ್ಲ. ಆದರೆ ಮುರ್ಷಿದಾಬಾದೆಂದರೆ ಆಲ್ಕಾಪಿನ ಸೀಮೆ. ಗಂಡುಹುಡುಗರು ಹೆಣ್ಣುವೇಷ ಹಾಕಿ ಕುಣಿಯುವ, ನಡುವೆ ಲೇವಡಿಯ ಪ್ರಸಂಗ ಕಟ್ಟುವ, ಬೆಳಗಿನವರೆಗೆ ನಡೆಯುವ ಆಟ ಅದು. ಸೈಯದ್ ಮುಸ್ತಫಾ ಸಿರಾಜ್ ಎಂಬ ದೊಡ್ಡ ಕಾದಂಬರಿಕಾರ ಯೌವನದಲ್ಲಿ ಆಲ್ಕಾಪ್ ಮೇಳ ಕಟ್ಟಿಕೊಂಡು ತಿರುಗಿದವರು, ಅದರ ಮೇಲೆ ‘ಮಾಯಾಮೃದಂಗ’ ಬರೆದವರು. ಮಾಲ್ದಾದಲ್ಲಿ ಗಂಭೀರಾ ಇದೆ. ಚೈತ್ರದ ಕೊನೆಗೆ ಶಿವನನ್ನು ಎದುರಿಗೆ ನಿಲ್ಲಿಸಿಕೊಂಡು ವರ್ಷದ ದೂರುಗಳನ್ನೆಲ್ಲ ಹಾಡಿ ಹೇಳುವುದು: ಮಳೆ ಬರಲಿಲ್ಲ, ಬೆಲೆ ಏರಿತು, ಪಂಚಾಯ್ತಿಯವರು ತಿಂದರು. ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ, ಶಿವನಿಗೆ ತಕರಾರಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿ, ಸೀನರಿ ಬಾಡಿಗೆಗೆ ತಂದು, ರಾತ್ರಿಯಿಡೀ ‘ಕುರುಕ್ಷೇತ್ರ’ ಆಡುವ ನಮ್ಮ ಹಳ್ಳಿಗಳ ದುರ್ಯೋಧನ ಭೀಮರಿಗೆ ಈ ಜನ ಹೊರಗಿನವರಾಗಿ ಕಾಣುವುದು ಹೇಗೆ? ನಾಟಕದ ಹುಚ್ಚೆಂದರೇನೆಂದು ಗೊತ್ತಿರುವವರು ಅವರು. ನಮ್ಮಲ್ಲಿ ಅದು ಗೊತ್ತಿಲ್ಲದವರು ರಾಜಧಾನಿಯ ವಿಮರ್ಶಕರು ಮಾತ್ರ. ಹಳ್ಳಿಯ ಪೌರಾಣಿಕ ನಾಟಕದ ಮೇಲೆ ಅವರು ಒಂದು ಪುಟ ಬರೆದದ್ದಿದ್ದರೆ ಯಾರಾದರೂ ತೋರಿಸಿ.

ಫಕೀರರ ಹಾಡೂ ಇದೆ. ಬಂಗಾಳದ ಫಕೀರ ಲಾಲನ್ ತೀರಿಕೊಂಡದ್ದು 1890ರಲ್ಲಿ, ನಮ್ಮ ಶಿಶುನಾಳ ಷರೀಫರು 1889ರಲ್ಲಿ. ಒಬ್ಬರನ್ನೊಬ್ಬರು ಕಂಡವರಲ್ಲ, ಕೇಳಿದವರಲ್ಲ. ಗುರುವನ್ನು ಹಿಡಿ, ದೇಹವೇ ದೇಗುಲ, ಜಾತಿ ಕೇಳಬೇಡ ಎಂಬ ಸೊಲ್ಲು ಮಾತ್ರ ಇಬ್ಬರಲ್ಲೂ ಇದೆ. ಷರೀಫಜ್ಜನ ಮೇಲೆ ವಿಚಾರಸಂಕಿರಣ ನಡೆಸುವ ನಮ್ಮ ಪ್ರಾಧ್ಯಾಪಕರು, ಆಚೆ ಬೀದಿಯಲ್ಲೇ ಲಾಲನ್ ಹಾಡುವವನಿದ್ದರೂ ಬಂಗಾಳದ ಬಾವುಲ ಹಾಡುಗಾರರನ್ನು ಕೇಳಲು ಟಿಕೆಟ್ಟು ಕೊಂಡು ಸಭಾಂಗಣಕ್ಕೆ ಹೋಗುತ್ತಾರೆ.

ಹೊರದೇಶದಲ್ಲಿ ಏನಾಗಿದೆ ನೋಡಿ. ಸಿಂಗಪುರದಲ್ಲಿ ಬಾಂಗ್ಲಾದೇಶದಿಂದ ಬಂದ ಕಟ್ಟಡ ಕಾರ್ಮಿಕರಿಗೆ 2006ರಿಂದ ‘ಬಾಂಗ್ಲಾರ್ ಕಂಠ’ ಎಂಬ ಪತ್ರಿಕೆ ಬಂತು. ಅದರ ಸಂಪಾದಕ ಎ.ಕೆ.ಎಂ. ಮೊಹ್ಸಿನ್ 2011ರಲ್ಲಿ ‘ದಿಬಾಶ್ರಮ’ ಎಂಬ ಜಾಗ ಮಾಡಿ, ಹಾಡು, ಕವಿತೆ, ನಾಟಕಕ್ಕೆ ಬಾಗಿಲು ತೆರೆದರು. 2014ರಿಂದ ವಲಸೆ ಕಾರ್ಮಿಕರ ಕಾವ್ಯಸ್ಪರ್ಧೆ ನಡೆಯಿತು. ಮೊಹಮ್ಮದ್ ಶರೀಫುದ್ದೀನ್ ಎಂಬ ಕಾರ್ಮಿಕ ಬರೆದ ದಿನಚರಿಯ ಪುಸ್ತಕಕ್ಕೆ 2018ರಲ್ಲಿ ಅಲ್ಲಿನ ಪುಸ್ತಕ ಪ್ರಶಸ್ತಿ ಸಿಕ್ಕಿತು. ಸಿಂಗಪುರವನ್ನು ಸ್ವರ್ಗವೆನ್ನುತ್ತಿಲ್ಲ: ಆ ಸ್ಪರ್ಧೆಯನ್ನು ಎರಡು ಸಲ ಗೆದ್ದ ಕವಿ ಜಾಕಿರ್ ಹುಸೇನ್ ಖೋಕನ್, ಕಾರ್ಮಿಕರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಬರೆದದ್ದಕ್ಕೆ 2022ರಲ್ಲಿ ಕೆಲಸದ ಪರವಾನಗಿ ಕಳೆದುಕೊಂಡು ಊರಿಗೆ ಮರಳಬೇಕಾಯಿತು. ಆದರೂ ಓದಿಸಿ ಆಮೇಲೆ ಓಡಿಸಿದರು. ನಾವು ಓದುವ ಗೋಜಿಗೇ ಹೋಗಿಲ್ಲ.

ಸಿಂಗಪುರ ದೂರವೆನ್ನುವವರಿಗೆ ಮುಂಬಯಿ ಇದೆ. ಕರಾವಳಿಯ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಗೆ ಹೋಗಿ, ಕನ್ನಡದಲ್ಲೇ ಪರೀಕ್ಷೆ ಕಟ್ಟಿದ ನಗರ ಅದು. 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತು, 1933ರಲ್ಲಿ ಕರ್ನಾಟಕ ಸಂಘ. ಯಕ್ಷಗಾನ ಮೇಳಗಳು, ಕೈಬರಹದ ಪತ್ರಿಕೆಗಳು, ವ್ಯಾಸರಾಯ ಬಲ್ಲಾಳರ ‘ಬಂಡಾಯ’, ಚಿತ್ತಾಲರ ‘ಶಿಕಾರಿ’, ಎಲ್ಲ ಆ ನಗರದ ಬೆಳೆ. ಮುಂಬಯಿ ಕನ್ನಡ ಸಾಹಿತ್ಯವೆಂದು ನಾವು ಎದೆಯುಬ್ಬಿಸಿ ಪಾಠ ಮಾಡುತ್ತೇವೆ. ಆ ಹೋಟೆಲ್ ಹುಡುಗರನ್ನೂ ಅಲ್ಲಿ ‘ಹೊರಗಿನವರು’ ಎಂದು ಹೊಡೆದಟ್ಟುವ ರಾಜಕಾರಣ ಅರವತ್ತರ ದಶಕದಲ್ಲಿ ಎದ್ದಿತ್ತು. ಆಗ ನಮಗೆ ಉರಿದಿತ್ತಲ್ಲವೆ?

ಉರಿಯ ಮಾತು ಬಂದದ್ದರಿಂದ ಹೇಳಲೇಬೇಕು. 2020ರ ಜನವರಿಯಲ್ಲಿ ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳಿದ್ದಾರೆಂದು ಶೆಡ್ಡುಗಳ ಮೇಲೆ ಜೆಸಿಬಿ ಹರಿಸಿದರು. ಒಳಗಿದ್ದವರು ಬಂಗಾಳ, ಅಸ್ಸಾಂ, ತ್ರಿಪುರಾಗಳ ಜನ. ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕಾನೂನು ಮೀರಿ ನಡೆದದ್ದೆಂದು ಹೈಕೋರ್ಟು ಹೇಳುವ ಹೊತ್ತಿಗೆ ತಗಡು ಗುಜರಿಗೆ ಹೋಗಿತ್ತು. ಅದಕ್ಕೂ ಸ್ವಲ್ಪ ಮೊದಲು ನಮ್ಮದೇ ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಳೆಯ ವಿದ್ಯಾರ್ಥಿನಿಲಯಕ್ಕೆ ಎತ್ತರದ ಕಾಂಪೌಂಡು, ಮುಳ್ಳುತಂತಿ, ಕಾವಲು ಗೋಪುರ ಕಟ್ಟಿ, ವಿದೇಶಿಯರನ್ನು ಕೂಡಿಡುವ ಕೇಂದ್ರ ಮಾಡಿದರು. ಬಡಮಕ್ಕಳು ಓದಲೆಂದು ಕಟ್ಟಿದ ಕಟ್ಟಡ! ಜಿಲ್ಲೆಯ ಯಾವ ಸಾಹಿತ್ಯ ಸಮ್ಮೇಳನದ ನಿರ್ಣಯದಲ್ಲೂ ಅದರ ಹೆಸರನ್ನು ನಾವು ಕಂಡಿಲ್ಲ. ಅಕ್ರಮವಾಗಿ ಗಡಿ ದಾಟಿ ಬಂದವರನ್ನು ಕಾನೂನು ನೋಡಿಕೊಳ್ಳಲಿ, ನಮ್ಮ ತಕರಾರಿಲ್ಲ. ಆದರೆ 2025ರಲ್ಲಿ ದೆಹಲಿ, ಗುರುಗ್ರಾಮ, ಒಡಿಶಾಗಳಲ್ಲಿ ನಡೆದಂತೆ, ಬಾಯಿ ತೆರೆದರೆ ಬಂಗಾಳಿ ಬಂತೆಂಬ ಒಂದೇ ಕಾರಣಕ್ಕೆ ಹಿಡಿದು ನಿಲ್ಲಿಸುವುದು ಭಾಷೆಯ ಹೆಸರಿನಲ್ಲಿ ಬದುಕುವ ಯಾವ ಪತ್ರಿಕೆಯೂ ಸಹಿಸತಕ್ಕ ಮಾತಲ್ಲ.

‘ಕೆಲಸವೆಲ್ಲ ಅವರ ಪಾಲಾಯಿತು’ ಎಂಬ ದೂರು ಪೊಳ್ಳಲ್ಲ. ಸರೋಜಿನಿ ಮಹಿಷಿ ವರದಿ ಜಾರಿಯಾಗಲಿ ಎಂದು ಈ ಪತ್ರಿಕೆ ಮೊದಲಿನಿಂದ ಬರೆಯುತ್ತಿದೆ, ಇನ್ನೂ ಬರೆಯುತ್ತದೆ. 2024ರ ಜುಲೈಯಲ್ಲಿ ಸ್ಥಳೀಯರಿಗೆ ಉದ್ಯೋಗದ ಮಸೂದೆಯನ್ನು ಸಂಪುಟ ಒಪ್ಪಿತು. ಉದ್ಯಮಿಗಳು ಹುಬ್ಬು ಗಂಟಿಕ್ಕಿದೊಡನೆ ತಡೆಹಿಡಿಯಿತು. ಮಸೂದೆಯನ್ನು ನಿಲ್ಲಿಸಿದ್ದು ಕಂಬಿ ಕಟ್ಟುವವನಲ್ಲ. ದಿನಗೂಲಿ ಕಡಿಮೆ ಕೊಟ್ಟು, ಸಂಘ ಕಟ್ಟದವನನ್ನು ದೂರದಿಂದ ತರಿಸಿಕೊಳ್ಳುವವರು ಯಾರೆಂದು ಗೊತ್ತಿದ್ದೂ ಜಗಳವನ್ನು ಶೆಡ್ಡಿನ ಬಾಗಿಲಿಗೆ ಒಯ್ಯುವುದು ಹೇಡಿತನ. ಶೀಟಿನ ಮನೆಗಳ ವಠಾರ ಕಟ್ಟಿ, ಒಂದೊಂದು ಕೋಣೆಗೆ ಆರು ಜನ ತುಂಬಿ, ತಲೆಗಿಷ್ಟೆಂದು ಬಾಡಿಗೆ ಎಣಿಸಿಕೊಂಡು, ಸಂಜೆ ವೇದಿಕೆಯಲ್ಲಿ ‘ಪರಭಾಷಿಕರ ಹಾವಳಿ’ ಎಂದು ಭಾಷಣ ಬಿಗಿಯುವ ನಮ್ಮೂರ ಮುಖಂಡರಿಗೆ ಇದು ಚೆನ್ನಾಗಿ ಗೊತ್ತು.

ಇನ್ನು, ಅವರು ಕನ್ನಡ ಕಲಿಯುವುದಿಲ್ಲ ಎಂಬ ಮಾತು. ಕಲಿಸಿದವರು ಯಾರು? ಮಗ್ಗದ ಸದ್ದಿನ ನಮ್ಮ ದೊಡ್ಡಬಳ್ಳಾಪುರದಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ ಆಡಿಕೊಂಡು ಬಂದ ಕುಟುಂಬಗಳು ಎಷ್ಟಿಲ್ಲ? ಕುಶಲಕರ್ಮಿಗಳ ಲೋಕವನ್ನು ವಿಮರ್ಶೆಯ ನಡುಮನೆಗೆ ತಂದ ಡಿ.ಆರ್. ನಾಗರಾಜ್ ಈ ಊರಿನವರೇ. ನಾಮಫಲಕದಲ್ಲಿ ಶೇಕಡಾ 60 ಕನ್ನಡವಿರಲಿ ಎಂದು 2023ರ ಡಿಸೆಂಬರಿನಲ್ಲಿ ಸಾದಹಳ್ಳಿಯಲ್ಲಿ ಸೇರಿದ ಜನರಲ್ಲಿ ನಮ್ಮ ಓದುಗರೂ ಇದ್ದರು. ಅದರ ಕಾಲು ಪಾಲು ಉತ್ಸಾಹ ಕಲಿಸುವುದರಲ್ಲಿ ಇದ್ದಿದ್ದರೆ ಸಾಕಿತ್ತು. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಕಲಿಕಾ ಕೇಂದ್ರಗಳು ಅಪಾರ್ಟ್‌ಮೆಂಟಿಗೆ ಹೋಗುವಂತೆ ಶೆಡ್ಡಿನ ಸಾಲಿಗೂ ಬರಲಿ. ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು ಹಾರ ತುರಾಯಿಯ ಖರ್ಚಿನಲ್ಲಿ ಒಂದು ಭಾಗವನ್ನು ಇದಕ್ಕೆ ಎತ್ತಿಡಲಿ.

ಅವರಿಗೆ ಕಾಯದೆ ನಾವು ಶುರು ಮಾಡುತ್ತೇವೆ. ಜನವರಿಯಿಂದ ಪ್ರತಿ ಭಾನುವಾರ ಮಧ್ಯಾಹ್ನ ಮೂರರಿಂದ ಐದು: ಮೊದಲ ಗಂಟೆ ಕನ್ನಡ ಪಾಠ, ಎರಡನೆಯ ಗಂಟೆ ಅವರ ಹಾಡು, ನಮ್ಮ ಕೇಳ್ಮೆ. ಬಾಶೆಟ್ಟಿಹಳ್ಳಿ ಅಥವಾ ದೊಡ್ಡಬಳ್ಳಾಪುರ ಪೇಟೆಯಲ್ಲಿ ನಲವತ್ತು ಜನ ಕೂರುವ ಕೋಣೆ, ಫ್ಯಾನು ಇದ್ದರೆ ಒಳ್ಳೆಯದು, ಯಾರಲ್ಲಾದರೂ ಖಾಲಿ ಇದ್ದರೆ ಡಿಸೆಂಬರ್ 15ರೊಳಗೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ನಿವೃತ್ತ ಮೇಷ್ಟ್ರುಗಳು ಇಬ್ಬರು ಬೇಕು. ಬಾಡಿಗೆ ಕೊಡಲು ನಮ್ಮಲ್ಲಿ ಹಣವಿಲ್ಲ. ಕರಿಹಲಗೆ, ಸೀಮೆಸುಣ್ಣ, ಕಾಗುಣಿತದ ಪುಸ್ತಕ ನಾವು ತರುತ್ತೇವೆ.